ನಾಪಾ ಕಣಿವೆಯ ನಿಜವಾದ ಕೋಟೆ



ನಾಪಾ ಎಂದ ಕೂಡಲೇ ನಮ್ಮ ಶಾಲೆಯ ಪೋಷಕರಲ್ಲಿ ಹಲವರು ಹೇಳುವ ಮಾತು ಒಂದೇ: "ನಾವು ವೈನ್ ಕುಡಿಯೋರಲ್ಲ, ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಹೋಗಿ ಏನು ಮಾಡೋಣ?" ಊರಿನಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ ಎಲ್ಲ ಆದ ಮೇಲೆ ಒಂದು ದಿನ ಕಾರಿನಲ್ಲಿ ನಾಪಾಕ್ಕೂ ಹೋಗುತ್ತೇವೆ. ಯಾವುದೋ ತೋಟದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಬುತ್ತಿಯ ಚಿತ್ರಾನ್ನ ತಿಂದು ವಾಪಸ್ ಬರುತ್ತೇವೆ. ಈ ತಿಂಗಳು ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಆ ಕಣಿವೆಯನ್ನು ಒಮ್ಮೆ ಸೈಕಲ್ ಮೇಲೆ, ಅದರಲ್ಲೂ ಆದಷ್ಟು ಮಣ್ಣು ಜಲ್ಲಿಯ ದಾರಿ ಹಿಡಿದು ನೋಡಿ. ಅಲ್ಲಿ ನದಿ ಇದೆ, ದ್ರಾಕ್ಷಿ ಇದೆ, ಕೋಟೆಯೂ ಇದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಊರಿನ ಬಗ್ಗೆ ನಾವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ.

ಜಲ್ಲಿ ರಸ್ತೆಯ ಸೈಕಲ್

ಇತ್ತೀಚೆಗೆ ಎಲ್ಲೆಲ್ಲೂ ಕೇಳಿಬರುವ ಗ್ರ್ಯಾವೆಲ್ ಬೈಕ್ ಎಂದರೆ ಏನೋ ಹೊಸದು ಎಂದುಕೊಳ್ಳಬೇಡಿ. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ರೇಸ್ ಸೈಕಲ್‌ಗಿಂತ ದಪ್ಪನೆಯ ಟೈರು, ಅದರಲ್ಲಿ ಸ್ವಲ್ಪ ಕಡಿಮೆ ಗಾಳಿ. ಟೈರು ಸುಮಾರು 40 ಮಿಲಿಮೀಟರ್ ಅಗಲ ಇರುವುದರಿಂದ ಸಣ್ಣ ಕಲ್ಲು, ಮರಳು, ಹಳ್ಳ ದಿಣ್ಣೆಗಳನ್ನು ಅದೇ ನುಂಗಿಕೊಳ್ಳುತ್ತದೆ. ಡಾಂಬರಿನ ಮೇಲೂ ಓಡುತ್ತದೆ, ಡಾಂಬರು ಮುಗಿದ ಮೇಲೂ ಓಡುತ್ತದೆ. ನಮ್ಮ ತಾತಂದಿರು ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್‌ಗೆ ಹುಲ್ಲಿನ ಹೊರೆ ಕಟ್ಟಿಕೊಂಡು ಜಲ್ಲಿ ರಸ್ತೆಯಲ್ಲಿ ಹತ್ತು ಮೈಲಿ ತುಳಿಯುತ್ತಿದ್ದರಲ್ಲ, ಅದೂ ಇದೇ. ಅವರು ಅದಕ್ಕೆ ಬೇರೆ ಹೆಸರಿಡಲಿಲ್ಲ, "ಸಂತೆಗೆ ಹೋಗಿ ಬರ್ತೀನಿ" ಅಂದರು, ಅಷ್ಟೆ.

ಆದ್ದರಿಂದ ಇದಕ್ಕಾಗಿ ಸಾವಿರಾರು ಡಾಲರ್ ಸುರಿಯಬೇಕಿಲ್ಲ. ಮನೆಯಲ್ಲಿರುವ ಹೈಬ್ರಿಡ್ ಅಥವಾ ಮೌಂಟನ್ ಬೈಕ್ ಸಾಕು. ಬೇಕಾದದ್ದು ನಿಧಾನ. ಕಾರಿನಲ್ಲಿ 50 ಮೈಲಿ ವೇಗದಲ್ಲಿ ಕಣಿವೆ ಎಂದರೆ ಎರಡು ಕಡೆ ಹಸಿರು ಗೋಡೆ. ಸೈಕಲ್ ಮೇಲೆ 8 ಮೈಲಿ ವೇಗದಲ್ಲಿ ಸಾಲು ಸಾಲು ಬಳ್ಳಿ ಬೇರೆ ಬೇರೆಯಾಗಿ ಕಾಣುತ್ತದೆ, ಅದನ್ನು ಕತ್ತರಿಸುತ್ತಿರುವ ಕೈಯೂ ಕಾಣುತ್ತದೆ.

ಮೊದಲು ನಮ್ಮ ಎಮರಿವಿಲ್

ಕಣಿವೆಗೆ ಹೊರಡುವ ಮೊದಲು ನಾವಿರುವ ಊರನ್ನು ಒಂದು ಸುತ್ತು ನೋಡಿ. ಎಮರಿವಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ನಾವು ಐಸ್‌ಕ್ರೀಮಿಗೂ ಸಿನಿಮಾಕ್ಕೂ ಹೋಗುವ ಬೇ ಸ್ಟ್ರೀಟ್ ಮಳಿಗೆಗಳ ಪಕ್ಕದ ರಸ್ತೆಯ ಹೆಸರು ಶೆಲ್‌ಮೌಂಡ್, ಅಂದರೆ ಚಿಪ್ಪಿನ ದಿಬ್ಬ. ಒಲೋನಿ ಮೂಲನಿವಾಸಿಗಳು ತಲೆಮಾರುಗಳಿಂದ ಚಿಪ್ಪು ಸುರಿದು, ತಮ್ಮವರನ್ನು ಮಣ್ಣು ಮಾಡಿದ ದೊಡ್ಡ ದಿಬ್ಬ ಅಲ್ಲಿತ್ತು. 1924ರಲ್ಲಿ ಅದನ್ನು ನೆಲಸಮ ಮಾಡಿದರು. ಕಾರ್ಖಾನೆಗಳು ಬಂದವು, ಹೋದವು, ಆಮೇಲೆ ಅಂಗಡಿಗಳು ಬಂದವು. ಈಗ ಉಳಿದಿರುವುದು ರಸ್ತೆಯ ಹೆಸರು ಮತ್ತು ಒಂದು ಪುಟ್ಟ ಸ್ಮಾರಕ. ಒಂದು ನೆಲ ತನ್ನ ಗುರುತು ಕಳೆದುಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ತಿಳಿಯಲು ದೂರ ಹೋಗಬೇಕಿಲ್ಲ.

ನಾಪಾ ನದಿಗೂ ನಮಗೂ ಒಂದು ಸಂಬಂಧವಿದೆ. ಸೇಂಟ್ ಹೆಲೆನಾ ಬೆಟ್ಟದಲ್ಲಿ ಹುಟ್ಟಿ ಸುಮಾರು 55 ಮೈಲಿ ದಕ್ಷಿಣಕ್ಕೆ ಹರಿಯುವ ಆ ನದಿ, ವ್ಯಾಲೆಹೋ ಬಳಿ ಸ್ಯಾನ್ ಪಾಬ್ಲೊ ಕೊಲ್ಲಿ ಸೇರುತ್ತದೆ. ಅದು ನಮ್ಮ ಎದುರಿಗಿರುವ ಇದೇ ಕೊಲ್ಲಿಯ ಉತ್ತರದ ಭಾಗ. ಎಮರಿವಿಲ್ ಮರೀನಾದ ಬೆಂಚಿನ ಮೇಲೆ ಕೂತು ನಾವು ನೋಡುವ ನೀರಿನಲ್ಲಿ ಆ ಕಣಿವೆಯ ಮಳೆಯೂ ಇದೆ.

ಮುಖಜಭೂಮಿಯಿಂದ ಮೇಲಕ್ಕೆ

ಒಂದೇ ದಿನ ಕಣಿವೆ ಪೂರ್ತಿ ತುಳಿಯುವ ಹಠ ಬೇಡ. ಮೂರು ಭಾನುವಾರ ಇಟ್ಟುಕೊಳ್ಳಿ.

ಮೊದಲ ಭಾನುವಾರ ಅಮೆರಿಕನ್ ಕ್ಯಾನ್ಯನ್ ಊರಿನ ಜೌಗು ಅಂಚು. ನಿಜವಾದ ಜಲ್ಲಿ ದಾರಿ ಇಲ್ಲಿದೆ, ಏರಿಳಿತವಿಲ್ಲ, ಚಿಕ್ಕ ಮಕ್ಕಳೂ ತುಳಿಯಬಹುದು. ನಮ್ಮ ಕೆರೆ ಏರಿಯಂಥ ಮಣ್ಣಿನ ಏರಿಗಳ ಮೇಲೆ ದಾರಿ ಸಾಗುತ್ತದೆ. ನದಿಯ ಆಚೆ ಈಚೆ ಒಂದು ಕಾಲಕ್ಕೆ ಸಮುದ್ರದ ನೀರು ಕಟ್ಟಿ ಒಣಗಿಸಿ ಉಪ್ಪು ತೆಗೆಯುತ್ತಿದ್ದ ಕೊಳಗಳಿದ್ದವು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರಿಗೆ ಆ ಚಿತ್ರ ಕಣ್ಣಿಗೆ ಬರುತ್ತದೆ. ಇಲ್ಲಿ ಉಪ್ಪಿನ ಉದ್ಯಮ ನಿಂತ ಮೇಲೆ ಸರ್ಕಾರ ಆ ನೆಲ ಕೊಂಡು, ಏರಿಗಳನ್ನು ಅಲ್ಲಲ್ಲಿ ಒಡೆದು, ಭರತ ಇಳಿತದ ನೀರು ಮತ್ತೆ ಒಳಗೆ ಬರುವಂತೆ ಮಾಡಿತು. ಚಳಿಗಾಲದಲ್ಲಿ ಹೋದರೆ ಬಾತುಕೋಳಿಗಳ ಗದ್ದಲದಲ್ಲಿ ನಿಮ್ಮ ಮಾತು ನಿಮಗೇ ಕೇಳಿಸದು.

ಎರಡನೆಯ ಭಾನುವಾರ ನಾಪಾ ಪಟ್ಟಣದಿಂದ ಯೌಂಟ್‌ವಿಲ್‌ವರೆಗಿನ ವೈನ್ ಟ್ರೇಲ್. ಹೆಸರಿನ ವೈನ್ ಎಂದರೆ ಇಲ್ಲಿ ಬಳ್ಳಿ, ಮದ್ಯವಲ್ಲ! ಕೆನಡಿ ಪಾರ್ಕ್‌ನಿಂದ ಯೌಂಟ್‌ವಿಲ್‌ಗೆ ಸುಮಾರು 12 ಮೈಲಿ. ಬಹುಪಾಲು ಡಾಂಬರು, ಸಮತಟ್ಟು, ಕಾರುಗಳ ಕಾಟವಿಲ್ಲ. ವ್ಯಾಲೆಹೋ ದೋಣಿ ನಿಲ್ದಾಣದಿಂದ ಕಣಿವೆಯ ತುದಿಯ ಕ್ಯಾಲಿಸ್ಟೋಗಾವರೆಗೆ 47 ಮೈಲಿ ಒಂದೇ ದಾರಿ ಮಾಡಬೇಕೆಂಬುದು ಯೋಜನೆ. ನಡುನಡುವೆ ತುಂಡುಗಳು ಇನ್ನೂ ಕೂಡಬೇಕು.

ನಾಪಾ ಪಟ್ಟಣದೊಳಗೆ ಆಕ್ಸ್‌ಬೋ ಎಂಬಲ್ಲಿ ಸೈಕಲ್ ನಿಲ್ಲಿಸಿ. ನದಿ ಅಲ್ಲಿ ಕುದುರೆ ಲಾಳದಂತೆ ತಿರುಗುತ್ತದೆ. ಪಕ್ಕದಲ್ಲಿ ತಗ್ಗಾದ ಹುಲ್ಲುಹಾಸು, ಮಕ್ಕಳು ಚೆಂಡಾಡುತ್ತಿರುತ್ತಾರೆ. ಅದು ಬರೀ ಪಾರ್ಕ್ ಅಲ್ಲ, ಪ್ರವಾಹದ ನೀರಿಗೆ ಬಿಟ್ಟ ದಾರಿ. 1986ರ ಫೆಬ್ರುವರಿಯ ಪ್ರವಾಹದಲ್ಲಿ ಜೀವ ಕಳೆದುಕೊಂಡವರಿದ್ದರು, ಸಾವಿರಾರು ಜನ ಮನೆ ಬಿಟ್ಟರು. ನದಿಗೆ ಕಾಂಕ್ರೀಟ್ ಗೋಡೆ ಕಟ್ಟಿ ಕಾಲುವೆ ಮಾಡಿಬಿಡುವ ಯೋಚನೆಯನ್ನು ಊರಿನವರು ಒಪ್ಪಲಿಲ್ಲ. ನದಿಗೆ ಅದರ ಜಾಗ ಬಿಟ್ಟುಕೊಡೋಣ ಎಂದರು. ಅದಕ್ಕೆ ಹಣ ಬೇಕಲ್ಲ? 1998ರಲ್ಲಿ ತಮ್ಮ ಮೇಲೆ ತಾವೇ ಅರ್ಧ ಸೆಂಟ್ ಮಾರಾಟ ತೆರಿಗೆ ಹಾಕಿಕೊಳ್ಳಲು ಮತ ಕೊಟ್ಟರು. ಈ ಸಂಗತಿ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಕೋಟೆಗಳು

ಮೂರನೆಯ ಭಾನುವಾರ ಸೇಂಟ್ ಹೆಲೆನಾದಿಂದ ಕ್ಯಾಲಿಸ್ಟೋಗಾ, 8 ಮೈಲಿ ಚಿಲ್ಲರೆ. ಕೋಟೆಗಳು ಈ ಕಡೆಗೇ ಇವೆ. ಸೇಂಟ್ ಹೆಲೆನಾ ದಾಟುತ್ತಿದ್ದಂತೆ ಗ್ರೇಸ್ಟೋನ್ ಎಂಬ ಭಾರಿ ಕಲ್ಲುಕಟ್ಟಡ, 1889ರದು. ಈಗ ಅದರಲ್ಲಿ ಅಡುಗೆ ಕಲಿಸುವ ಕಾಲೇಜು ಇದೆ. ಹತ್ತಿರದ ಬೆರಿಂಜರ್ ತೋಟದವರು ಜರ್ಮನಿಯ ತಮ್ಮ ಊರಿನ ನೆನಪಿಗೆ ಕಟ್ಟಿಸಿದ ರೈನ್ ಹೌಸ್ ಇದೆ. ಅದರ ಹಿಂದೆ ಬೆಟ್ಟದೊಳಗೆ ಕೊರೆದ ಗವಿಗಳನ್ನು ತೋಡಿದವರು ಚೀನೀ ಕೂಲಿಗಳು. ಅವರು ಗುದ್ದಲಿ ಹಿಡಿದು ಬಂಡೆ ಕೊರೆಯುತ್ತಿದ್ದ ಆ ಕಾಲದಲ್ಲೇ, 1882ರಲ್ಲಿ, ಚೀನೀ ಕಾರ್ಮಿಕರು ಈ ದೇಶಕ್ಕೆ ಬರಬಾರದೆಂದು ಅಮೆರಿಕ ಕಾನೂನು ಮಾಡಿತು. ವೀಸಾ ಸಾಲಿನಲ್ಲಿ ನಿಂತು ಬಂದ ನಾವು ಆ ಗವಿಗಳ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲಬೇಕು.

ಕ್ಯಾಲಿಸ್ಟೋಗಾದ ಆಚೆಗಿನ ಶಾಟೋ ಮಾಂಟೆಲೀನಾ ಇನ್ನೊಂದು ಕೋಟೆಯಂಥ ಕಲ್ಲುಮನೆ. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮುಚ್ಚಿಟ್ಟು ನಡೆಸಿದ ರುಚಿ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ಇಲ್ಲಿಯ ಬಿಳಿ ವೈನಿಗೆ ಮೊದಲ ಸ್ಥಾನ ಕೊಟ್ಟರು. ನಾಪಾ ಹೆಸರು ಜಗತ್ತಿಗೆ ಗೊತ್ತಾದದ್ದು ಆ ದಿನದಿಂದ.

ಆದರೆ ಮಕ್ಕಳಿಗೆ ಬೇಕಾದ ಕೋಟೆ ಕ್ಯಾಸ್ಟೆಲೊ ಡಿ ಅಮೊರೊಸಾ. ಕಂದಕ, ಎತ್ತುವ ಸೇತುವೆ, ಬುರುಜು, ನೆಲಮಾಳಿಗೆಯ ಸೆರೆಮನೆ, ಒಟ್ಟು 107 ಕೋಣೆಗಳು. ಬುಡದಲ್ಲಿ ನಿಂತು ನೋಡಿದ ನನ್ನ ಮಗಳು, "ಅಪ್ಪಾ, ಇದು ನಿಜವಾದ ಕೋಟೆನಾ?" ಎಂದಳು. ಕೇಳಬೇಕಾದ ಪ್ರಶ್ನೆಯೇ. ಇಟಲಿಯ 13ನೆಯ ಶತಮಾನದ ಮಾದರಿಯಲ್ಲಿ, ಯೂರೋಪಿನಿಂದ ಹಳೆಯ ಇಟ್ಟಿಗೆ ತರಿಸಿ ಡಾರಿಯೊ ಸಟ್ಟೂಯಿ ಎಂಬವರು ಕಟ್ಟಿಸಿದ ಈ ಕೋಟೆ ಜನರಿಗೆ ತೆರೆದದ್ದು 2007ರಲ್ಲಿ. ಯಾವ ಸೈನ್ಯವೂ ಇದನ್ನು ಮುತ್ತಿಲ್ಲ. ಮುತ್ತಿದ್ದು ಬೆಂಕಿ ಒಂದೇ: 2020ರ ಗ್ಲಾಸ್ ಕಾಳ್ಗಿಚ್ಚಿನಲ್ಲಿ ಆವರಣದ ಒಂದು ಕಟ್ಟಡ ಸುಟ್ಟುಹೋಯಿತು, ಕೋಟೆ ಉಳಿಯಿತು.

ಕಲ್ಲು ನಿಜ, ಕಟ್ಟಿದ ಕೈಗಳೂ ನಿಜ. ಆದರೆ ಕೋಟೆ ಎಂದರೆ ಏನನ್ನಾದರೂ ಕಾಯಬೇಕಲ್ಲವೆ? ಇದು ಏನನ್ನು ಕಾಯುತ್ತಿದೆ? ಹಾಗಾದರೆ ಈ ಕಣಿವೆಯನ್ನು ಕಾಯ್ದದ್ದು ಯಾವುದು?

ಉತ್ತರಕ್ಕೆ ಮೊದಲು ಎರಡು ಕಡೆ ನಿಲ್ಲಿ. ದಾರಿಯಲ್ಲಿ ಸಿಗುವ ಬೇಲ್ ಗಿರಣಿ 1846ರದು. 36 ಅಡಿಯ ಮರದ ಚಕ್ರ ನೀರಿನಿಂದ ತಿರುಗಿ ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ಈ ಕಣಿವೆ ವೈನಿಗಿಂತ ಮೊದಲು ಗೋಧಿಯ ಕಣಿವೆಯಾಗಿತ್ತೆಂದು ಅದು ಹೇಳುತ್ತದೆ. ಇನ್ನೊಂದು, ಕ್ಯಾಲಿಸ್ಟೋಗಾದ ಅಂಚಿನಿಂದ ಬೆಟ್ಟ ಹತ್ತುವ ಓಟ್ ಹಿಲ್ ಮೈನ್ ದಾರಿ. ಪಾದರಸದ ಗಣಿಗೆಂದು ಮಾಡಿ 1893ರಲ್ಲಿ ಮುಗಿಸಿದ ಈ ಹಾದಿಯಲ್ಲಿ ಮೇಲೆ ಹೋದಂತೆ ಬಂಡಿ ಗಾಲಿಗಳು ಬಂಡೆಯಲ್ಲೇ ಕೊರೆದ ಜಾಡು ಇದೆ. ಹಾದಿ ಒರಟು. ಚಿಕ್ಕ ಮಕ್ಕಳೊಂದಿಗೆ ಮೊದಲ ಅರ್ಧ ಮೈಲಿ ನಡೆದು, ತಿರುಗಿ ನಿಂತು ನೋಡಿ. ಕೆಳಗೆ ಇಡೀ ಕಣಿವೆ ಒಂದು ಹಾಸಿದ ಜಮಖಾನದಂತೆ ಕಾಣುತ್ತದೆ: ತೋಟ, ತೋಟ, ನಡುವೆ ನದಿಯ ಮರಗಳ ಸಾಲು, ಮತ್ತೆ ತೋಟ.

ನಮ್ಮ ಬೇ ಏರಿಯಾದ ಬೆಲೆಯಲ್ಲಿ, ಇಷ್ಟು ಸಮತಟ್ಟಾದ ನೆಲ ಮನೆಗಳಾಗದೆ ಉಳಿದದ್ದು ಹೇಗೆ?

1968ರ ಕಾಗದ

ಉತ್ತರ ಒಂದು ಕಾಗದದಲ್ಲಿದೆ. 1968ರಲ್ಲಿ ನಾಪಾ ಕೌಂಟಿಯ ಆಡಳಿತ ಮಂಡಳಿ ಕಣಿವೆಯ ತಳವನ್ನು ಕೃಷಿಗೆ ಮೀಸಲು ಎಂದು ಘೋಷಿಸಿತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. 20 ಎಕರೆಗಿಂತ ಚಿಕ್ಕದಾಗಿ ನೆಲ ತುಂಡು ಮಾಡುವಂತಿಲ್ಲ ಎಂದಿತು ಆ ನಿಯಮ. ಆಮೇಲೆ ಅದು 40 ಎಕರೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಭೂಮಿಯ ಬೆಲೆ ಬಿದ್ದುಹೋಗುತ್ತದೆ ಎಂದು ವಿರೋಧಿಸಿದ ಕೃಷಿಕರೂ ಇದ್ದರು. ಪ್ಯಾರಿಸ್ಸಿನ ಗೆಲುವು ಇನ್ನೂ ಎಂಟು ವರ್ಷ ದೂರವಿತ್ತು, ಈ ದ್ರಾಕ್ಷಿಗೆ ಇಷ್ಟು ಬೆಲೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 1990ರಲ್ಲಿ ಇನ್ನೊಂದು ಹೆಜ್ಜೆ: ಕೃಷಿಭೂಮಿಯನ್ನು ಬೇರೆ ಬಳಕೆಗೆ ಕೊಡಬೇಕಾದರೆ, ಕೆಲವು ವಿನಾಯಿತಿ ಬಿಟ್ಟು, ಜನರ ಮತವೇ ಬೇಕು ಎಂದು ಮತದಾರರು ತೀರ್ಮಾನಿಸಿದರು. 2008ರಲ್ಲಿ ಅದನ್ನು 2058ರವರೆಗೆ ವಿಸ್ತರಿಸಿದರು. ಇಂದು ನಮ್ಮ ಶಾಲೆಯ ಒಂದನೇ ತರಗತಿಯಲ್ಲಿ "ಅ ಆ ಇ ಈ" ತಿದ್ದುತ್ತಿರುವ ಮಗುವಿಗೆ ಆಗ ನಲವತ್ತರ ಹತ್ತಿರ ವಯಸ್ಸು.

ಈ ಕಣಿವೆಯ ಕೋಟೆ ಅದೇ, ಆ ಕಾಗದ.

ಹೋಲಿಸಿ ನೋಡಲು ದೂರ ಹೋಗಬೇಡಿ. ನಮ್ಮಲ್ಲಿ ಎಷ್ಟೋ ಮಂದಿ ಕೆಲಸ ಮಾಡುವ ಸಾಂಟಾ ಕ್ಲಾರಾ ಕಣಿವೆಯನ್ನು ಒಂದು ಕಾಲಕ್ಕೆ "ಮನತಣಿಸುವ ಕಣಿವೆ" ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಮೈಲಿಗಟ್ಟಲೆ ಏಪ್ರಿಕಾಟ್, ಪ್ರೂನ್ ತೋಟಗಳು. ಈಗ ಅದರ ಹೆಸರು ಸಿಲಿಕಾನ್ ಕಣಿವೆ. ನಮಗೆ ಅನ್ನ ಕೊಟ್ಟದ್ದು ಆ ಬದಲಾವಣೆಯೇ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪಕ್ಕಪಕ್ಕದ ಎರಡು ಕಣಿವೆಗಳು ಎರಡು ದಾರಿ ಹಿಡಿದವು, ಎರಡಕ್ಕೂ ಕಾರಣ ಮನುಷ್ಯರು ಕೂತು ಮಾಡಿದ ತೀರ್ಮಾನಗಳು ಎಂದಷ್ಟೇ ಹೇಳುತ್ತಿದ್ದೇನೆ.

ನಂದಿಯ ಬುಡದಲ್ಲಿ

ಈಗ ಊರಿಗೆ ಬನ್ನಿ. ನದಿ, ದ್ರಾಕ್ಷಿ, ಕೋಟೆ ಮೂರೂ ಒಂದೇ ಕಡೆ ಇರುವ ಜಾಗ ನಮ್ಮಲ್ಲೂ ಇದೆ. ಬೆಂಗಳೂರಿನ ಸೈಕಲ್ ಹುಡುಗರು ಶನಿವಾರ ಭಾನುವಾರ ಬೆಳಗಿನ ಜಾವ ಅಲ್ಲಿಗೇ ಹೋಗುತ್ತಾರೆ: ನಂದಿಬೆಟ್ಟ. ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಹುಟ್ಟುವುದು ಆ ಬೆಟ್ಟಗಳ ಸುತ್ತಮುತ್ತ. ಮೇಲೆ ಹೈದರ್, ಟಿಪ್ಪು ಭದ್ರಪಡಿಸಿದ ಕೋಟೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಮುತ್ತಿ ಗೆದ್ದಿತು, ಆದ್ದರಿಂದ ಅದು ನಿಜವಾದ ಕೋಟೆಯೇ ಎಂದು ಮಗಳಿಗೆ ಧೈರ್ಯವಾಗಿ ಹೇಳಬಹುದು. ಹತ್ತಿರದಲ್ಲೇ ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆ. ಕೆಳಗೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ದ್ರಾಕ್ಷಿ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಅವರ ವೈನ್ ತೋಟ 1988ರಿಂದ ಇದೆ. ಆದರೆ ಆ ನೆಲದ ಸ್ವಂತ ಹಣ್ಣು ಬೆಂಗಳೂರು ನೀಲಿ ದ್ರಾಕ್ಷಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ನಾಪಾದಲ್ಲಿ ಬಳ್ಳಿ ಎದೆಯೆತ್ತರದ ಸಾಲು, ಸೈಕಲ್ ಮೇಲಿಂದ ಆಚೆ ನೋಡಬಹುದು. ನಮ್ಮಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಮೇಲೆ ಚಪ್ಪರ. ಒಳಗೆ ಹೋಗಲು ತಲೆ ಬಗ್ಗಿಸಬೇಕು. ದೇವನಹಳ್ಳಿ ಕಡೆಯ ನನ್ನ ಮಾವನವರದು ಅಂಥ ಎರಡು ಎಕರೆ ಚಪ್ಪರ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ತೋಟಗಳು ಒಂದೊಂದಾಗಿ ಲೇಔಟ್ ಆದವು. ಈಚೆಗೆ ಫೋನಿನಲ್ಲಿ ಅವರು, "ಬ್ರೋಕರ್ ಮತ್ತೆ ಬಂದಿದ್ರು. ಔಷಧಿ, ಕೂಲಿ ಎಲ್ಲ ಕಳೆದ್ರೆ ಕೈಗೇನೂ ಉಳಿಯಲ್ಲ. ನೀವು ಏನ್ ಹೇಳ್ತೀರಾ?" ಎಂದರು.

ಎಮರಿವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಕೂತು "ಮಾರಬೇಡಿ ಮಾವ" ಎನ್ನುವುದು ಬಹಳ ಸುಲಭ. ಕಳೆ ಕೀಳುವವರು ನಾವಲ್ಲ. ಬೆಲೆ ಬಿದ್ದಾಗ ಸಾಲ ತೀರಿಸುವವರೂ ನಾವಲ್ಲ. "ಮಾರಿಬಿಡಿ" ಎನ್ನುವುದೂ ಅಷ್ಟೇ ಸುಲಭ. ಇನ್ನೊಂದು ಮಾತು ಬಿಚ್ಚಿಯೇ ಹೇಳೋಣ: ಆ ಲೇಔಟುಗಳ ಸೈಟುಗಳಿಗೆ ಗಿರಾಕಿಗಳು ಯಾರು? ಅದರಲ್ಲಿ ನಮ್ಮಂಥ ಹೊರದೇಶದ ಕನ್ನಡಿಗರೂ ಇದ್ದೇವೆ. ಊರಿನಲ್ಲಿ ಒಂದು ಸೈಟ್ ಇರಲಿ ಎನ್ನುತ್ತೇವೆ. ಆ ಸೈಟಿನ ಕೆಳಗೆ ಯಾರದೋ ಚಪ್ಪರ ಇತ್ತು.

ಒಂಟಿ ರೈತನಿಂದ ನೆಲ ಉಳಿಸಲು ಆಗುವುದಿಲ್ಲ ಎಂಬುದೇ ನಾಪಾ ಕಲಿಸುವ ಪಾಠ. ಸುತ್ತಲಿನವರೆಲ್ಲ ಮಾರಿದಾಗ ಒಬ್ಬನೇ ಉಳಿದರೆ ಅವನ ಬಾವಿಗೆ ನೀರಿಲ್ಲ, ಕೆಲಸಕ್ಕೆ ಆಳಿಲ್ಲ, ಹಣ್ಣು ಕೊಳ್ಳಲು ವ್ಯಾಪಾರಿ ಬರುವುದಿಲ್ಲ. ಎಲ್ಲರೂ ಒಂದೇ ನಿಯಮಕ್ಕೆ ಒಪ್ಪಿದರೆ ಮಾತ್ರ ಕಣಿವೆ ಉಳಿಯುತ್ತದೆ. 40 ಎಕರೆಯ ನಿಯಮ ಎರಡು ಎಕರೆಯ ನಮ್ಮ ರೈತನಿಗೆ ಹೊಂದುವುದಿಲ್ಲ, ನಿಜ. ಆದರೆ ಕೂಡಿ ನಿಲ್ಲುವುದು ನಮ್ಮವರಿಗೆ ಗೊತ್ತಿಲ್ಲದ ವಿಷಯವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಕೈಗಾರಿಕೆಗೆಂದು ಗುರುತಿಸಿದ ತಮ್ಮ 1,777 ಎಕರೆಗಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿ ಮಾತ್ರ ಪಡೆಯುತ್ತೇವೆ ಎಂದರು. ಧರಣಿಯಿಂದ ಸ್ವಾಧೀನ ನಿಲ್ಲುತ್ತದೆ. ಬ್ರೋಕರ್ ಬರುವುದನ್ನು ನಿಲ್ಲಿಸಲು ಇನ್ನೇನೋ ಬೇಕು: ಹಣ್ಣಿಗೆ ಬೆಲೆ, ಕೆರೆಗೆ ನೀರು, ತೋಟದಲ್ಲಿ ಉಳಿಯಲು ಮಕ್ಕಳಿಗೆ ಒಂದು ಕಾರಣ.

ನಾಪಾದಲ್ಲೂ ಎಲ್ಲವೂ ಸರಿಯಿಲ್ಲ. ಮನೆ ಕಟ್ಟಲು ನೆಲವಿಲ್ಲದ ಕಡೆ ಬಾಡಿಗೆ ಗಗನಕ್ಕೇರುತ್ತದೆ. ದ್ರಾಕ್ಷಿ ಕೊಯ್ಯುವ, ಹೆಚ್ಚಾಗಿ ಮೆಕ್ಸಿಕೋ ಮೂಲದ ಕೆಲಸಗಾರರಲ್ಲಿ ಅನೇಕರು ದೂರದ ಊರುಗಳಿಂದ ಬಂದುಹೋಗುತ್ತಾರೆ. ಕೌಂಟಿ ಅವರಿಗಾಗಿ ವಸತಿಗೃಹಗಳನ್ನು ನಡೆಸುತ್ತದೆ, ಒಂದೊಂದರಲ್ಲಿ 60 ಹಾಸಿಗೆ. ಅದಕ್ಕೆ ತೋಟದ ಮಾಲೀಕರು ಎಕರೆ ಲೆಕ್ಕದಲ್ಲಿ ತಾವೇ ತೆರಿಗೆ ಕಟ್ಟುತ್ತಾರೆ. ಕೆಲಸಕ್ಕೆ ಬರುವವರೆಲ್ಲರಿಗೂ ಅದು ಸಾಲದು. ನೆಲ ಉಳಿಸುವವರು ನೆಲದ ಮೇಲೆ ದುಡಿಯುವವರನ್ನೂ ಉಳಿಸಬೇಕು ಎಂಬುದು ಅಲ್ಲಿ ಇನ್ನೂ ಮುಗಿಯದ ಕೆಲಸ. ಸೈಕಲ್ ಮೇಲೆ ಹೋಗುವಾಗ ತೋಟದಲ್ಲಿ ಅವರು ಕಂಡರೆ ಕೈ ಬೀಸಿ. ತಿರುಗಿ ಬೀಸುತ್ತಾರೆ.

ಹೊರಡುವವರಿಗೆ

ಜನವರಿಯಿಂದ ಮಾರ್ಚ್‌ವರೆಗೆ ಹೋದರೆ ಬೋಳು ಬಳ್ಳಿಗಳ ಸಾಲುಗಳ ನಡುವೆ ಹಳದಿ ಸಾಸಿವೆ ಹೂವು. ಮಣ್ಣಿಗೆ ಒಳ್ಳೆಯದೆಂದು ಬೆಳೆಯಲು ಬಿಟ್ಟು, ಆಮೇಲೆ ಉತ್ತು ಮಣ್ಣಿಗೇ ಸೇರಿಸುತ್ತಾರೆ. ಒಗ್ಗರಣೆಯ ಸಾಸಿವೆ ಗಿಡದಲ್ಲಿ ಹೇಗಿರುತ್ತದೆಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ. ಗಾಳಿಯಲ್ಲೇ ಹುಳಿಸಿಹಿ ವಾಸನೆ ಇರುತ್ತದೆ, ಲಾರಿಗಳ ಓಡಾಟವೂ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಬೇಡ, ಬಿಸಿಲು ಸುಡುತ್ತದೆ. ಕಾಳ್ಗಿಚ್ಚಿನ ಹೊಗೆಯ ದಿನ ಮನೆಯಲ್ಲೇ ಇರಿ.

ಎಮರಿವಿಲ್‌ನಿಂದ ನಾಪಾ ಪಟ್ಟಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಕಾರಿನ ಹಿಂದೆ ಸೈಕಲ್ ರ್‍ಯಾಕ್ ಇದ್ದರೆ ಸಾಕು. ಹದಿನೆಂಟರ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಕ್ಯಾಲಿಫೋರ್ನಿಯಾದಲ್ಲಿ ಕಾನೂನು, ದೊಡ್ಡವರಿಗೆ ವಿವೇಕ. ಒಂದು ಹೆಚ್ಚುವರಿ ಟ್ಯೂಬ್, ಪಂಪು, ತಲೆಗೆರಡು ಬಾಟಲಿ ನೀರು, ಚಪಾತಿ ಪಲ್ಯ ಇಟ್ಟುಕೊಳ್ಳಿ. ತೋಟಗಳ ಒಳಗಿನ ಮಣ್ಣುದಾರಿ ಎಷ್ಟೇ ಆಸೆ ಹುಟ್ಟಿಸಿದರೂ ಅದು ಖಾಸಗಿ ಜಾಗ, ಒಳಗೆ ನುಗ್ಗಬೇಡಿ.

ಹೋಗಿ ಬಂದ ಮೇಲೆ ಒಂದು ಕೆಲಸ ಮಾಡಿ. ಊರಿಗೆ ಫೋನ್ ಮಾಡಿ, ಅಜ್ಜಿಯನ್ನೋ ತಾತನನ್ನೋ ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಕೇಳಿಸಿ: "ನಮ್ಮೂರಲ್ಲಿ ಮೊದಲು ಏನು ಬೆಳೀತಿದ್ರು? ಈಗ ಆ ಜಾಗದಲ್ಲಿ ಏನಿದೆ?" ಬಂದ ಉತ್ತರವನ್ನು ಮಕ್ಕಳು ಹತ್ತು ಸಾಲಿನಲ್ಲಿ ಬರೆದು ನಮ್ಮ ಪತ್ರಿಕೆಗೆ ಕಳಿಸಲಿ. ನನ್ನ ಮಗಳು ಬರೆದಾಗಿದೆ. ಅವಳ ತಾತ ಈ ಸಲದ ಬಳ್ಳಿ ಸವರುವ ಕೆಲಸಕ್ಕೆ ಆಳು ಹುಡುಕುತ್ತಿದ್ದಾರಂತೆ. ಮಾರುವ ವಿಚಾರ ಇನ್ನೂ ತೀರ್ಮಾನವಾಗಿಲ್ಲ.